ಬ್ಲೂಸ್ ಜೋಡಿ ನೃತ್ಯ: ಹೆಜ್ಜೆಗೆ ಮೊದಲು ಮೈಭಾರ

ನಮಸ್ಕಾರ. ಬ್ಲೂಸ್ ಸಂಗೀತವನ್ನು ಇಷ್ಟಪಟ್ಟು ಕೇಳುವವರಲ್ಲಿಯೂ ಅನೇಕರಿಗೆ, ಆ ಸಂಗೀತಕ್ಕೆ ಇಬ್ಬರು ಜೊತೆಯಾಗಿ ಮಾಡುವ ಒಂದು ನೃತ್ಯವಿದೆ ಎಂಬುದು ತಿಳಿದಿರುವುದಿಲ್ಲ. ಇಂದಿನ ವ್ಲಾಗ್ ಆ ನೃತ್ಯವನ್ನು ಹೊಸದಾಗಿ ಕಲಿಯಲು ಹೊರಟವರಿಗಾಗಿ. ತರಗತಿಗೆ ಬಂದ ಹೊಸಬರು ಎಷ್ಟು ಸ್ಟೆಪ್ ಕಲಿಸುತ್ತೀರಿ ಎಂದು ಕೇಳುವುದು ವಾಡಿಕೆ. ನನ್ನನ್ನು ಕೇಳಿದರೆ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ನಿಧಾನವಾಗಿ ದಾಟಿಸುವುದನ್ನು ಕಲಿಯುವವರೆಗೆ ಸ್ಟೆಪ್‌ಗಳ ಗೊಡವೆಯೇ ಬೇಡ ಎನ್ನುತ್ತೇನೆ.

ಇದು ಅಮೆರಿಕದ ಕಪ್ಪು ಜನರ ನೃತ್ಯ. ದಕ್ಷಿಣದ ರಾಜ್ಯಗಳಲ್ಲಿ ಹತ್ತಿಯ ಹೊಲಗಳ ನಡುವೆ ಇದ್ದ ಜೂಕ್ ಜಾಯಿಂಟ್ ಎಂಬ ಪುಟ್ಟ ಮೋಜಿನ ಮನೆಗಳಲ್ಲಿ ವಾರವಿಡೀ ದುಡಿದವರು ಶನಿವಾರ ರಾತ್ರಿ ಸೇರಿ ಕುಣಿಯುತ್ತಿದ್ದರು. 1910ರ ಸುಮಾರಿನಿಂದ 1970ರವರೆಗೆ ಅಂದಾಜು 60 ಲಕ್ಷ ಕಪ್ಪು ಜನರು ದಕ್ಷಿಣವನ್ನು ಬಿಟ್ಟು ಬೇರೆಡೆಗೆ ವಲಸೆ ಹೋದಾಗ ಸಂಗೀತವೂ ನೃತ್ಯವೂ ಅವರೊಡನೆ ನಗರಗಳಿಗೆ ಬಂದವು. ಮಿಸ್ಸಿಸಿಪ್ಪಿಯ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1943ರಲ್ಲಿ ಶಿಕಾಗೋಗೆ ಬಂದದ್ದು ಈ ವಲಸೆಯ ಭಾಗವಾಗಿಯೇ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿಯಂತೂ ಮನೆ ಬಾಡಿಗೆ ಹೊಂದಿಸಲು ಜನರು ತಮ್ಮ ಮನೆಯಲ್ಲೇ ಪಾರ್ಟಿ ಇಟ್ಟು, ಬಂದವರಿಂದ ಪ್ರವೇಶ ಶುಲ್ಕ ಪಡೆಯುತ್ತಿದ್ದರು. ಅಂಥ ಕಿಕ್ಕಿರಿದ ಕೋಣೆಗಳಿಗೆ ಹೇಳಿ ಮಾಡಿಸಿದಂತಿದ್ದದ್ದು, ಇದ್ದಲ್ಲಿಯೇ ಇಬ್ಬರೂ ಒತ್ತಾಗಿ ನಿಂತು ಆಡುವ ಸ್ಲೋ ಡ್ರ್ಯಾಗ್.

ಈಗ ತೆರೆಯ ಮೇಲೆ ಕಾಣುತ್ತಿರುವ ಪಾದಗಳನ್ನು ಗಮನಿಸಿ. ಮಂಡಿಗಳು ಸಡಿಲವಾಗಿವೆ, ಪ್ರತಿ ಬೀಟಿಗೂ ಇಡೀ ಮೈ ನೆಲದ ಕಡೆಗೆ ತುಸುವೇ ಇಳಿಯುತ್ತದೆ. ಇದನ್ನು ನರ್ತಕರು ಪಲ್ಸ್ ಎನ್ನುತ್ತಾರೆ. ಎಡಗಾಲು ಪೂರ್ತಿ ಭಾರವನ್ನು ಹೊತ್ತ ಮೇಲಷ್ಟೇ ಬಲಗಾಲು ನೆಲವನ್ನು ಸವರಿಕೊಂಡು ಪಕ್ಕಕ್ಕೆ ಬರುತ್ತದೆ. ನಿಮಿಷಕ್ಕೆ 60 ಬೀಟ್‌ಗಳಿರುವ ಹಾಡಿನಲ್ಲಿ ಒಂದು ಬೀಟಿಗೂ ಮುಂದಿನದಕ್ಕೂ ನಡುವೆ ಇಡೀ ಒಂದು ಸೆಕೆಂಡಿನ ಅಂತರವಿರುತ್ತದೆ. ಹೊಸಬರು ಬೇಗನೆ ಹೆಜ್ಜೆಯಿಟ್ಟು ಉಳಿದ ಹೊತ್ತು ಕಂಬದಂತೆ ನಿಂತುಬಿಡುತ್ತಾರೆ. ನಿಧಾನದ ಹಾಡು ಸುಲಭ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ, ಏಕೆಂದರೆ ಆ ಒಂದು ಸೆಕೆಂಡಿನ ಉದ್ದಕ್ಕೂ ಭಾರ ಎಲ್ಲೋ ಒಂದೆಡೆ ಸಾಗುತ್ತಲೇ ಇರಬೇಕು. ಲೀಡ್ ಮಾಡುವವರು ಕೈಯಿಂದ ಎಳೆಯುವ ಅಗತ್ಯವೂ ಆಗ ಬೀಳುವುದಿಲ್ಲ. ಅವರ ಎದೆ ಎತ್ತ ಸಾಗುತ್ತಿದೆ ಎಂಬುದು ಫಾಲೋ ಮಾಡುವವರಿಗೆ ನೇರವಾಗಿ ತಿಳಿಯುತ್ತದೆ. ಅಂದ ಹಾಗೆ, ಯಾರು ಲೀಡ್ ಮಾಡಬೇಕೆಂಬುದನ್ನು ಗಂಡು ಹೆಣ್ಣೆಂದು ನೋಡಿ ನಿರ್ಧರಿಸಬೇಕಾಗಿಲ್ಲ.

ಇನ್ನು ಹಾಡಿನ ರಚನೆ. ಬಹಳಷ್ಟು ಬ್ಲೂಸ್ ಹಾಡುಗಳ ಒಂದು ಸುತ್ತು 12 ಬಾರ್‌ಗಳದು (ಬಾರ್ ಎಂದರೆ ಬೀಟ್‌ಗಳ ಒಂದು ಗುಂಪು), ಒಂದು ಬಾರ್‌ಗೆ 4 ಬೀಟ್‌ನಂತೆ ಒಟ್ಟು 48 ಬೀಟ್‌ಗಳು. ನಮ್ಮ ತಾಳದ ಆವರ್ತದಂತೆ ಇದೂ ಮುಗಿದು ಮತ್ತೆ ಮೊದಲಿಗೆ ಬರುತ್ತದೆ. ಗಾಯಕಿ ಒಂದು ಸಾಲನ್ನು ಹಾಡಿ, ಅದನ್ನೇ ಇನ್ನೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾಳೆ. ಪ್ರತಿ ಸಾಲಿಗೂ 4 ಬಾರ್‌ಗಳಿದ್ದರೂ ಕಂಠ ಸಾಮಾನ್ಯವಾಗಿ ಮೊದಲರ್ಧದಲ್ಲಿಯೇ ನಿಂತು, ಉಳಿದರ್ಧವನ್ನು ಗಿಟಾರೋ ಪಿಯಾನೋವೋ ತುಂಬುತ್ತದೆ. ಈ ಸವಾಲು ಜವಾಬು ನೃತ್ಯದೊಳಗೂ ಬರಬೇಕು: ಹಾಡಿನ ಭಾಗದಲ್ಲಿ ಇಬ್ಬರೂ ಜೊತೆಯಾಗಿ ಚಲಿಸಿ, ವಾದ್ಯದ ಭಾಗದಲ್ಲಿ ಒಬ್ಬರು ನಿಂತು ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟರೆ ಸಾಕು.

ಅಪ್ಪುಗೆಯನ್ನು ಕಂಡು ನಮ್ಮ ಕಡೆಯವರಿಗೆ ಮುಜುಗರವಾಗುವುದು ಸಹಜ. ತೋಳಳತೆಯ ದೂರದಲ್ಲಿ ನಿಂತೂ ಬ್ಲೂಸ್ ಆಡಬಹುದು. ಎಷ್ಟು ಹತ್ತಿರ ಬರಬೇಕೆಂಬುದು ಇಬ್ಬರಿಗೂ ಒಪ್ಪಿಗೆಯಾಗಬೇಕಾದ ಮಾತು, ಬೇಡವೆನ್ನಲು ಕಾರಣವನ್ನೂ ಕೊಡಬೇಕಾಗಿಲ್ಲ. ಲಿಂಡಿ ಹಾಪ್ ಎಂಬ ಜಾಜ್ ಜೋಡಿ ನೃತ್ಯದ ಕೂಟಗಳ ತಡರಾತ್ರಿಯ ಅವಧಿಯಲ್ಲಿ ಈ ನೃತ್ಯ ಮತ್ತೆ ಹರಡಿದಾಗ, ನಿಧಾನವಾಗಿ ಮೈಗೆ ಮೈ ತಾಗಿಸಿ ಆಡಿದ್ದೆಲ್ಲವನ್ನೂ ಬ್ಲೂಸ್ ಎನ್ನುವ ಉಡಾಫೆ ಬೆಳೆದಿತ್ತು. ಕಪ್ಪು ಸಮುದಾಯದ ಪರಂಪರೆಯನ್ನು ಮುಂದಿಟ್ಟು ಆ ಉಡಾಫೆಯನ್ನು ತಿದ್ದುತ್ತಿರುವ ಶಿಕ್ಷಕರ ಬಳಿಯೇ ಕಲಿಯಿರಿ ಎಂಬುದು ನನ್ನ ಸಲಹೆ.

ಮೊದಲ ದಿನ ರಬ್ಬರ್ ಅಟ್ಟೆಯ ಶೂ ಬೇಡ, ಅದು ನೆಲಕ್ಕೆ ಕಚ್ಚಿಕೊಂಡು ಮಂಡಿಯನ್ನು ತಿರುಚುತ್ತದೆ. ಚರ್ಮದ ಅಟ್ಟೆಯದಾದರೆ ಒಳ್ಳೆಯದು. ಮುಂದೆ ತರಗತಿಯ ಒಂದು ಇಡೀ ಹಾಡನ್ನು ಕತ್ತರಿಸದೆ ಹಾಕಿದ್ದೇನೆ. ಈ ಜೋಡಿ ಹಾಡು ಮುಗಿಯುವವರೆಗೂ ಪಕ್ಕಕ್ಕೆ ಭಾರ ದಾಟಿಸುವುದು, ನಿಲ್ಲುವುದು, ಇವೆರಡನ್ನೇ ಮಾಡುತ್ತಾರೆ. ಗಿಟಾರ್ ಉತ್ತರಿಸುವಾಗ ಅವರಿಬ್ಬರಲ್ಲಿ ಯಾರು ನಿಲ್ಲುತ್ತಾರೆ ಎಂಬುದನ್ನು ನೋಡುತ್ತಾ ಹೋಗಿ.