ಸೊನ್ನೆ ಸೋಲು, ಎಂಟು ಸೋಲು

ಕೇಳುಗರಿಗೆಲ್ಲ ನಮಸ್ಕಾರ.

2015ರ ಮೇ 3, ಭಾನುವಾರ ಬೆಳಿಗ್ಗೆ. ಲಾಸ್ ವೇಗಸ್‌ನಲ್ಲಿ ಆಗಿನ್ನೂ ಶನಿವಾರ ರಾತ್ರಿ. ತಟ್ಟೆಯಲ್ಲಿದ್ದ ಇಡ್ಲಿ ಆರಿ ತಣ್ಣಗಾಗಿತ್ತು, ನಾನು ಟಿವಿ ಮುಂದಿನಿಂದ ಎದ್ದಿರಲಿಲ್ಲ. ಬಾಕ್ಸಿಂಗ್ ರಿಂಗಿನಲ್ಲಿ ಅಮೆರಿಕದ ಫ್ಲಾಯ್ಡ್ ಮೇವೆದರ್, ಫಿಲಿಪೀನ್ಸ್‌ನ ಮ್ಯಾನಿ ಪಕ್ವಿಯಾವೊ. ಹನ್ನೆರಡು ಸುತ್ತು ಮುಗಿದ ಮೇಲೆ ಒಬ್ಬ ತೀರ್ಪುಗಾರರು 118-110, ಉಳಿದಿಬ್ಬರು 116-112 ಅಂತ ಬರೆದಿದ್ದರು. ಮೂವರೂ ಮೇವೆದರ್ ಕಡೆ. ನಿಜ ಹೇಳಬೇಕೆಂದರೆ ಪಂದ್ಯ ಸಪ್ಪೆ. ಇಡ್ಲಿ ಬಿಸಿ ಇದ್ದಾಗಲೇ ತಿನ್ನಬೇಕಿತ್ತು.

ಈ ಕಾಲದ ಅತಿ ದೊಡ್ಡ ಬಾಕ್ಸರ್ ಯಾರು ಅನ್ನುವ ಜಗಳ ಅವತ್ತಿಗೆ ತೀರಬೇಕಿತ್ತು, ಅಲ್ವಾ? ತೀರಲಿಲ್ಲ. ಮೇವೆದರ್ 50 ಪಂದ್ಯ ಆಡಿ 50ನ್ನೂ ಗೆದ್ದು 2017ರಲ್ಲಿ ಕೈಗವಸು ಬಿಚ್ಚಿದವರು. ಪಕ್ವಿಯಾವೊ ಎಂಟು ಸಲ ಸೋತಿದ್ದಾರೆ. ಆದರೂ 1990ರಿಂದ 2015ರವರೆಗಿನ ಕಾಲಕ್ಕೆ ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಪಕ್ವಿಯಾವೊ. ಇತ್ತೀಚಿನ ಬಾಕ್ಸರ್‌ಗಳಾದ ಉಸಿಕ್, ಇನೌಯೆ, ಕ್ರಾಫರ್ಡ್ ಎಲ್ಲಿ ಅಂತ ಕೇಳಬೇಡಿ. ಅವರ ದೊಡ್ಡ ಗೆಲುವುಗಳಲ್ಲಿ ಹೆಚ್ಚಿನವು ಆಮೇಲಿನವು.

ನನ್ನ ಅಳತೆಗೋಲು ಇಷ್ಟೇ. ಗೆಲುವು ಸೋಲಿನ ಲೆಕ್ಕ ಆಮೇಲೆ. ಎದುರಿಗೆ ಯಾರಿದ್ದರು, ಅವತ್ತು ಅವರ ಕಸುವು ಎಷ್ಟಿತ್ತು, ಅದು ಮೊದಲು.

ಮೇವೆದರ್ ಆಟ ನೋಡದವರಿಗೆ ಒಂದು ಮಾತು. ಎಡ ಭುಜ ಎತ್ತಿ ಗಲ್ಲ ಮುಚ್ಚಿಕೊಳ್ಳುತ್ತಾರೆ. ಎಡಗೈ ಹೊಟ್ಟೆಗೆ ಅಡ್ಡ. ಬಲ ಅಂಗೈ ಕೆನ್ನೆಯ ಪಕ್ಕ. ಎದುರಾಳಿಯ ಬಲಗೈ ಗುದ್ದು ಬಂತು ಅಂದುಕೊಳ್ಳಿ. ಸೊಂಟ ಒಂಚೂರು ತಿರುಗುತ್ತದೆ, ಗುದ್ದು ಭುಜದ ಮೇಲಿಂದ ಜಾರಿ ಹೋಗುತ್ತದೆ, ಅದೇ ತಿರುವಿನಲ್ಲಿ ಇವರ ಬಲಗೈ ಹೊರಟಿರುತ್ತದೆ. ಎದುರಿನವರಿಗೆ ಏನಾಯಿತು ಅಂತ ಗೊತ್ತಾಗುವಷ್ಟರಲ್ಲಿ ಇವರು ಆ ಜಾಗದಲ್ಲಿ ಇರುವುದಿಲ್ಲ. 2001ರ ಜನವರಿಯಲ್ಲಿ, ಅಲ್ಲಿಯವರೆಗೆ ಸೋಲೇ ಕಾಣದಿದ್ದ ಡಿಯಾಗೊ ಕೊರಾಲೆಸ್‌ರನ್ನು ಐದು ಸಲ ಕೆಳಗೆ ಬೀಳಿಸಿದರು. ಹತ್ತನೇ ಸುತ್ತಿನಲ್ಲಿ ಕೊರಾಲೆಸ್ ಕಡೆಯವರೇ ಸಾಕು ಅಂದರು. ನನಗೆ ಮೇವೆದರ್ ಅಂದರೆ ಆ ರಾತ್ರಿ.

ಇನ್ನು ಆ ಸೊನ್ನೆಯ ವಿಷಯ. 2002ರಲ್ಲಿ ಮೆಕ್ಸಿಕೊದ ಹೊಸೆ ಲೂಯಿಸ್ ಕ್ಯಾಸ್ಟಿಯೊ ಎದುರು ತೀರ್ಪುಗಾರರು ಮೇವೆದರ್‌ಗೆ ಗೆಲುವು ಕೊಟ್ಟರು. ನೋಡಿದವರಲ್ಲಿ ಬಹಳ ಜನ ಒಪ್ಪಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಆಡಿ ಗೆದ್ದರು, ಅದು ಅವರ ದೊಡ್ಡತನ. ಆದರೆ ಪಕ್ವಿಯಾವೊ ಜತೆಗಿನ ಪಂದ್ಯ 2010ರಲ್ಲೇ ಆಗಬೇಕಿತ್ತು. ಉದ್ದೀಪನ ಮದ್ದು ಪತ್ತೆಯ ರಕ್ತಪರೀಕ್ಷೆಯ ಷರತ್ತಿನ ಮೇಲೆ ಮಾತುಕತೆ ಮುರಿಯಿತು. ಐದು ವರ್ಷ ಕಳೆದು ಇಬ್ಬರೂ ಎದುರಾದಾಗ ಮೇವೆದರ್‌ಗೆ 38, ಪಕ್ವಿಯಾವೊಗೆ 36. ತಪ್ಪು ಯಾರದ್ದು ಅಂತ ಇವತ್ತಿಗೂ ಎರಡೂ ಕಡೆಯವರು ಕಿತ್ತಾಡುತ್ತಾರೆ. ನನಗಂತೂ ಅದು ಹಳಸಿದ ಪಂದ್ಯ. ಗೆದ್ದವರಿಗೆ ಪೂರ್ತಿ ಅಂಕ ಕೊಡಲು ಮನಸ್ಸು ಬರುವುದಿಲ್ಲ.

ಪಕ್ವಿಯಾವೊ ಕಡೆಗೆ ಬನ್ನಿ. 1998ರಲ್ಲಿ ಥಾಯ್ಲೆಂಡಿಗೇ ಹೋಗಿ ಅಲ್ಲಿನ ಚಾಂಪಿಯನ್ನನ್ನು ಮಲಗಿಸಿ ಮೊದಲ ವಿಶ್ವ ಪಟ್ಟ ತಂದರು. ಆ ವರ್ಗದ ತೂಕದ ಮಿತಿ ಸುಮಾರು 51 ಕೆಜಿ. ಮರುವರ್ಷ ತಕ್ಕಡಿಯಲ್ಲಿ ತೂಕ ಜಾಸ್ತಿ ಬಂದು ಪಟ್ಟ ಹೋಯಿತು. 2001ರಲ್ಲಿ ಅಮೆರಿಕದಲ್ಲಿ ಮೊದಲ ಪಂದ್ಯ, ಅದೂ ಬದಲಿ ಆಟಗಾರನಾಗಿ. ಸಿಕ್ಕಿದ್ದು ಎರಡು ವಾರ. ದಕ್ಷಿಣ ಆಫ್ರಿಕಾದ ಲೆಡ್ವಾಬಾ ಆಗ ಚಾಂಪಿಯನ್. ಆರನೇ ಸುತ್ತಿಗೆ ಆಟ ಮುಗಿಯಿತು. 2008ರಲ್ಲಿ ತಮಗಿಂತ ಎಷ್ಟೋ ದಪ್ಪನೆಯ ಆಸ್ಕರ್ ಡೆ ಲಾ ಹೋಯಾ ಎಂಟು ಸುತ್ತು ಆಡಿ ಸ್ಟೂಲಿನಿಂದ ಏಳಲಿಲ್ಲ.

2010ರ ನವೆಂಬರ್, ಟೆಕ್ಸಸ್‌ನ ಆರ್ಲಿಂಗ್ಟನ್. ಎದುರಿಗೆ ಆಂಟೋನಿಯೊ ಮಾರ್ಗರಿಟೊ, ತಾಳೆಮರದಂಥ ಆಳು. ಆ ವರ್ಗದ ಮಿತಿ ಅದಕ್ಕಿಂತ ಜಾಸ್ತಿ ಇದ್ದರೂ 68 ಕೆಜಿ ಮೀರಬಾರದು ಅಂತ ಒಪ್ಪಂದ. ಈ ಒಪ್ಪಂದದ ತೂಕದ ಬಗ್ಗೆ ಟೀಕೆ ಇದೆ, ಅದು ಸರಿಯೂ ಹೌದು. ಆದರೆ ತೂಕ ನೋಡಿದ್ದು ಹಿಂದಿನ ದಿನ. ರಿಂಗಿಗೆ ಬರುವಷ್ಟರಲ್ಲಿ ಮಾರ್ಗರಿಟೊ ತಿಂದು ಕುಡಿದು ಇನ್ನಷ್ಟು ತುಂಬಿಕೊಂಡಿದ್ದರು. ಹನ್ನೊಂದನೇ ಸುತ್ತಿನ ಹೊತ್ತಿಗೆ ಅವರ ಕಣ್ಣು ಊದಿ ಮುಚ್ಚಿತ್ತು. ಕಣ್ಣಿನ ಗೂಡಿನ ಮೂಳೆ ಮುರಿದಿತ್ತು. ಪಕ್ವಿಯಾವೊ ಹೊಡೆಯುವುದನ್ನು ತಡೆದು ರೆಫರಿ ಕಡೆ ನೋಡಿದರು, ನಿಲ್ಲಿಸಿ ಅನ್ನುವ ಹಾಗೆ. ರೆಫರಿ ನಿಲ್ಲಿಸಲಿಲ್ಲ. ಕೊನೆಯ ಸುತ್ತಿನಲ್ಲಿ ಇವರೇ ಕೈ ಸಡಿಲ ಬಿಟ್ಟರು. ಅದು ಎಂಟನೇ ತೂಕದ ವರ್ಗದಲ್ಲಿ ಪಟ್ಟ. ಇನ್ನೊಬ್ಬರು ಆ ಕೆಲಸ ಮಾಡಿಲ್ಲ.

ಸೋಲುಗಳನ್ನು ಮುಚ್ಚಿಡುವುದಿಲ್ಲ. ಮೆಕ್ಸಿಕೊದ ಹುವಾನ್ ಮ್ಯಾನುಯೆಲ್ ಮಾರ್ಕೆಸ್ ಜತೆ ನಾಲ್ಕು ಪಂದ್ಯ. 2004ರ ಮೊದಲನೆಯದರಲ್ಲಿ, ಮೊದಲ ಸುತ್ತಿನಲ್ಲೇ ಮಾರ್ಕೆಸ್ ಮೂರು ಸಲ ಬಿದ್ದರು. ಸುತ್ತು ಗೆದ್ದವರಿಗೆ 10 ಅಂಕ, ಸೋತವರಿಗೆ 9, ಬಿದ್ದ ಪ್ರತಿ ಸಲಕ್ಕೂ ಇನ್ನೊಂದು ಕಡಿಮೆ; ಹಾಗಾಗಿ ಅಂಥ ಸುತ್ತಿಗೆ 10-6 ಬರೆಯಬೇಕು. ಒಬ್ಬ ತೀರ್ಪುಗಾರರು 10-7 ಬರೆದರು. ಆ ಒಂದೇ ಅಂಕದಿಂದ ಪಂದ್ಯ ಡ್ರಾ. ಆಮೇಲೆ ಅವರೇ ತಪ್ಪು ಒಪ್ಪಿಕೊಂಡರು. ಮೂರು ಸಲ ಬಿದ್ದು ಎದ್ದು ಉಳಿದ ಹನ್ನೊಂದು ಸುತ್ತಿನಲ್ಲಿ ಸಮಕ್ಕೆ ಬಂದ ಮಾರ್ಕೆಸ್ ಏನು ಕಡಿಮೆಯೇ? 2012ರಲ್ಲಿ ಆರನೇ ಸುತ್ತು ಮುಗಿಯಲು ಒಂದು ಕ್ಷಣ ಇದ್ದಾಗ ಪಕ್ವಿಯಾವೊ ಮುನ್ನುಗ್ಗಿದರು, ಮಾರ್ಕೆಸ್ ಬಲಗೈ ಬಿಟ್ಟರು. ಪಕ್ವಿಯಾವೊ ಬೋರಲು ಬಿದ್ದವರು ಅಲುಗಾಡಲಿಲ್ಲ. ಪಟ್ಟಿಯಲ್ಲಿ ಮಾರ್ಕೆಸ್‌ಗೆ ಐದನೇ ಸ್ಥಾನ. ಮೇವೆದರ್ ಎರಡು.

ಮೂರು ನಾಲ್ಕಕ್ಕೆ ಅಮೆರಿಕದವರೇ ಆದ ರಾಯ್ ಜೋನ್ಸ್, ಬರ್ನಾರ್ಡ್ ಹಾಪ್ಕಿನ್ಸ್. ಇಬ್ಬರೂ 1993ರಲ್ಲಿ ಎದುರಾದಾಗ ಜೋನ್ಸ್ ಗೆದ್ದರು. 2010ರಲ್ಲಿ ಹಾಪ್ಕಿನ್ಸ್ ಸೇಡು ತೀರಿಸಿಕೊಂಡರು. ಆಗ ಒಬ್ಬರಿಗೆ 45, ಇನ್ನೊಬ್ಬರಿಗೆ 41. ನನ್ನ ಅಳತೆಗೋಲಿಗೆ ಆ ಪಂದ್ಯ ಸಿಗುವುದೇ ಇಲ್ಲ. 2003ರಲ್ಲಿ ಜೋನ್ಸ್ ಹೆವಿವೇಟ್, ಅಂದರೆ ಅತಿ ಭಾರದ ವರ್ಗದ ಪಟ್ಟ ಗೆದ್ದಿದ್ದರು. ಅದಕ್ಕಿಂತ ಎಷ್ಟೋ ಹಗುರದ ಮಿಡಲ್‌ವೇಟ್ ವರ್ಗದಲ್ಲಿ ಚಾಂಪಿಯನ್ ಆಗಿದ್ದ ಒಬ್ಬರು ಆ ಕೆಲಸ ಮಾಡಿ 106 ವರ್ಷ ಆಗಿತ್ತು. ಆ ಕಾಲದ ಜೋನ್ಸ್ ವೇಗಕ್ಕೆ ಮೂರನೇ ಸ್ಥಾನ ಸಲ್ಲಲೇಬೇಕು ಅಂತ ಎಷ್ಟೋ ವರ್ಷ ವಾದ ಮಾಡಿದವನು ನಾನು.

ಈಗ ಸ್ವಲ್ಪ ಅಳುಕುತ್ತೇನೆ. ಕಾರಣ 2011ರ ಮೇ ತಿಂಗಳ ಒಂದು ರಾತ್ರಿ, ಕೆನಡಾದ ಮಾಂಟ್ರಿಯಲ್. ಹುಡುಗನಾಗಿದ್ದಾಗ ಐದು ವರ್ಷದ ಹತ್ತಿರ ಜೈಲಿನಲ್ಲಿ ಕಳೆದ ಹಾಪ್ಕಿನ್ಸ್‌ಗೆ ಅವತ್ತು 46 ವರ್ಷ. ಎದುರಾಳಿ ಜಾನ್ ಪಾಸ್ಕಲ್‌ಗೆ 28. ಪಾಸ್ಕಲ್ ಅಲ್ಲಿನವರೇ, ಜನವೆಲ್ಲ ಅವರ ಕಡೆ. ಆರು ಸುತ್ತು ಆಗಿತ್ತು. ಏಳನೆಯದಕ್ಕೆ ಪಾಸ್ಕಲ್ ಇನ್ನೂ ಅಣಿಯಾಗಬೇಕು, ಅಷ್ಟರಲ್ಲಿ ಹಾಪ್ಕಿನ್ಸ್ ರಿಂಗಿನ ನೆಲಕ್ಕೆ ಎರಡೂ ಕೈ ಊರಿ ದಂಡ ಹೊಡೆಯಲು ಶುರು ಮಾಡಿದರು.