ಆ ಕಾಳುಗಳನ್ನು ಆರಿಸಿ ಬಿಸಾಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ರೇಡಿಯೋ ಕೇಳುವ ತಾಯಂದಿರು ಇದ್ದೇ ಇರುತ್ತೀರಿ. ಈ ಮಾತು ನಿಮಗೇ. ನ್ಯಾಯಬೆಲೆ ಅಂಗಡಿಯಿಂದ ತಂದ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಥರದ ಕಾಳು ಕಾಣುತ್ತದೆ. ಬಣ್ಣ ತುಸು ಬೇರೆ, ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಬಂದಿದೆ ಎಂಬ ವಿಡಿಯೋ ನೋಡಿ ಹೆದರಿದ್ದೀರಿ, ಆದರೆ ಅದು ಪ್ಲಾಸ್ಟಿಕ್ ಅಲ್ಲ. ಆರಿಸಿ ಬಿಸಾಡಬೇಡಿ.

ಅದು ಅಕ್ಕಿ ಹಿಟ್ಟೇ. ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ, ಶಾವಿಗೆ ಒತ್ತುವ ಹಾಗೆ ಯಂತ್ರದಲ್ಲಿ ಒತ್ತಿ, ಅಕ್ಕಿ ಕಾಳಿನ ಅಳತೆಗೆ ಕತ್ತರಿಸಿ ಒಣಗಿಸುತ್ತಾರೆ. 100 ಕಿಲೋ ಅಕ್ಕಿಗೆ ಇದು ಒಂದು ಕಿಲೋ ಬೀಳುತ್ತದೆ. ಸಾರವರ್ಧಿತ ಅಕ್ಕಿ ಅಂದರೆ ಇಷ್ಟೇ. ಪಡಿತರ, ಅಂಗನವಾಡಿ, ಶಾಲೆಯ ಬಿಸಿಯೂಟ, ಎಲ್ಲಕ್ಕೂ ಇದನ್ನೇ ಕೊಡುತ್ತೇವೆಂದು 2021ರ ಸ್ವಾತಂತ್ರ್ಯ ದಿನದಂದು ಪ್ರಧಾನಿಯವರು ಘೋಷಿಸಿದರು.

ಯಾಕೆ ಬೇಕಿತ್ತು ಅನ್ನುತ್ತೀರಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಲೆಕ್ಕ ಕೇಳಿ. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ. ಮೆಟ್ಟಿಲು ಹತ್ತಿದರೆ ಏದುಸಿರು, ಹೊಲದ ಕೆಲಸಕ್ಕೆ ಕೈಕಾಲು ಸೋಲುವುದು, ಮಗು ಪಾಠದ ಮೇಲೆ ಮನಸ್ಸು ನಿಲ್ಲಿಸಲಾರದೆ ಕೂರುವುದು, ಇವಕ್ಕೆಲ್ಲ ರಕ್ತ ಕಡಿಮೆಯಾದದ್ದೇ ಕಾರಣವಿರಬಹುದು.

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ತಾಯಂದಿರ ಸಭೆ ನಡೆದಿತ್ತು. ಮಾತು ಮುಗಿಯುವ ಹೊತ್ತಿಗೆ ಒಬ್ಬ ಅಜ್ಜಿ ಎದ್ದುಬಂದು ಸೆರಗಿನೊಳಗಿಂದ ಒಂದು ಡಬ್ಬಿ ತೆಗೆದು ನನ್ನ ಕೈಗಿಟ್ಟರು. ಮುಚ್ಚಳ ತೆಗೆದರೆ ತುಂಬ ಇದೇ ಕಾಳು! ತಿಂಗಳುಗಟ್ಟಲೆ ಕಿಟಕಿ ಬೆಳಕಿನಲ್ಲಿ ಕೂತು ಒಂದೊಂದಾಗಿ ಆರಿಸಿದ್ದಾರೆ. "ನೋಡವ್ವ, ಒಂದು ಕಾಳೂ ಬಿಟ್ಟಿಲ್ಲ. ಬಸುರಿ ಹೆಂಗ್ಸಿಗೆ ಪ್ಲಾಸ್ಟಿಕ್ ತಿನ್ಸಕ್ಕಾಯ್ತದಾ?" ಅಂದರು. ಆ ಬಸುರಿ ಸೊಸೆ ಪಕ್ಕದಲ್ಲೇ ನಿಂತಿದ್ದಳು. ಬಸುರಿಯರಿಗೆ ಕೊಡುವ ಅವಳ ತಾಯಿ ಕಾರ್ಡ್ ನೋಡಿದೆ, ಹಿಮೋಗ್ಲೋಬಿನ್ ಬರೀ 8, ಅಂದರೆ ರಕ್ತ ಕಡಿಮೆ. ಅವಳಿಗೆಂದೇ ಬಂದ ಕಬ್ಬಿಣ ಅತ್ತೆಯ ಡಬ್ಬಿಯಲ್ಲಿ ಕೂತಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಪ್ರೀತಿಯಿಂದಲೇ ಮಾಡಿದ್ದಲ್ಲವೇ!

ಒಂದು ಲೋಟ ನೀರು ತರಿಸಿ ಹಿಡಿ ಕಾಳು ನೆನೆಹಾಕಿದೆ. ಸಾಕಷ್ಟು ನೆಂದ ಮೇಲೆ ಅಜ್ಜಿಯ ಬೆರಳಿಗೇ ಕೊಟ್ಟು ಹಿಸುಕಲು ಹೇಳಿದೆ. ಮೆತ್ತಗೆ ಹಿಟ್ಟಾಯಿತು. ಪ್ಲಾಸ್ಟಿಕ್ ಎಲ್ಲಾದರೂ ಹಿಟ್ಟಾಗುತ್ತದೆಯೇ? ಅಜ್ಜಿ ಬೆರಳನ್ನು ಮೂಸಿ ನೋಡಿದರು, ಸೊಸೆಯ ಮುಖ ನೋಡಿದರು, ಆಮೇಲೆ ನನ್ನನ್ನೇ ತರಾಟೆಗೆ ತೆಗೆದುಕೊಂಡರು: "ಅಕ್ಕಿ ಕೊಡೋವಾಗ್ಲೇ ಒಬ್ರಾದ್ರೂ ಬಾಯ್ಬಿಟ್ಟು ಹೇಳ್ಬಾರ್ದಿತ್ತಾ?"

ನ್ಯಾಯವಾದ ಪ್ರಶ್ನೆ. ಅಕ್ಕಿ ತೂಗಿಕೊಡುವವರು ಎರಡು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಪ್ಲಾಸ್ಟಿಕ್ ಅಕ್ಕಿ ಎಂಬ ವಿಡಿಯೋ ಮಾತ್ರ ಮನೆಮನೆಯ ಮೊಬೈಲಿಗೂ ಬಂತು. ದಯವಿಟ್ಟು ಅಂಥ ವಿಡಿಯೋ ಮುಂದಕ್ಕೆ ಕಳಿಸಬೇಡಿ. ಅನುಮಾನ ಇದ್ದರೆ ನೆನೆಸಿ ಹಿಸುಕಿ ನೋಡಿ, ಆಮೇಲೆ ಅನ್ನ ಮಾಡಿ. ಆ ಕಾಳನ್ನು ಬಿಸಾಡಬೇಡಿ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಕ್ಕಿಯನ್ನು ನಾಲ್ಕೈದು ಸಲ ಉಜ್ಜಿ ತೊಳೆಯಬೇಡಿ. ಗಂಜಿ ಬಸಿದರೆ ಚೆಲ್ಲದೆ ಉಪ್ಪು ಹಾಕಿ ಕುಡಿಯಿರಿ. ಊಟದ ಜೊತೆ ಕಾಫಿ, ಟೀ ಬೇಡ, ಕಬ್ಬಿಣ ಮೈಗೆ ಹತ್ತದಂತೆ ಅವು ತಡೆಯುತ್ತವೆ. ಕಬ್ಬಿಣ ಮೈಗೆ ಹತ್ತಲು ನಿಂಬೆಹಣ್ಣು, ನೆಲ್ಲಿಕಾಯಿ ಇರಲಿ. ಬಸುರಿಯರೇ, ಈ ಅಕ್ಕಿ ಉಣ್ಣುತ್ತೇವೆಂದು ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ದಿನಕ್ಕೊಂದರಂತೆ 180 ದಿನ ನುಂಗಲೇಬೇಕು. ನಮಸ್ಕಾರ.