ಮೊದಲು ಮೂತ್ರ, ಆಮೇಲೆ ಮಾತ್ರೆ

ಕೇಳುಗರಿಗೆ ನಮಸ್ಕಾರ. ಊಟದ ಹೊತ್ತಿನಲ್ಲಿ ಇದೆಂಥ ಮಾತು ಅಂತ ರೇಡಿಯೋ ಆರಿಸಬೇಡಿ. ಉರಿಮೂತ್ರ ಬಂದರೆ ನಮ್ಮ ಹೆಣ್ಣುಮಕ್ಕಳು ಯಾರಿಗೂ ಹೇಳುವುದಿಲ್ಲ. ಎಳನೀರು ಕುಡಿದು ನೋಡುತ್ತಾರೆ, ಆಮೇಲೆ ಮೆಡಿಕಲ್ ಶಾಪಿಗೆ ಮಗನನ್ನು ಓಡಿಸುತ್ತಾರೆ. ನಾನು ಲ್ಯಾಬಿನ ಡಾಕ್ಟರು. ನನ್ನದು ಒಂದೇ ಮಾತು: ಮೊದಲು ಮೂತ್ರ, ಆಮೇಲೆ ಮಾತ್ರೆ.

ನಮ್ಮ ದೊಡ್ಡಮ್ಮ ಒಬ್ಬರಿದ್ದಾರೆ, ರಿಟೈರ್ಡ್ ಟೀಚರು. ಒಂದು ದಿನ ಬಿಸ್ಕೆಟ್ ಡಬ್ಬಿ ಹಿಡಿದು ಲ್ಯಾಬಿಗೇ ಬಂದರು. ಚಕ್ಕುಲಿ ಇರಬೇಕು ಅಂತ ಆಸೆಯಿಂದ ಮುಚ್ಚಳ ತೆಗೆದೆ. ಒಳಗೆ ಬರೀ ಮಾತ್ರೆ! ಬ್ಯಾಕ್ಟೀರಿಯಾ ಕೊಲ್ಲುವ ನಾರ್‌ಫ್ಲಾಕ್ಸಾಸಿನ್ ಮೂರು ಸ್ಟ್ರಿಪ್, ಒಂದೂ ಪೂರ್ತಿ ಮುಗಿದಿಲ್ಲ. ದೊಡ್ಡಪ್ಪನ ಹಲ್ಲುನೋವಿಗೆ ತಂದು ಉಳಿದ ಅಮಾಕ್ಸಿಸಿಲಿನ್ ನಾಲ್ಕು. ‘ಎರಡು ನುಂಗಿದ್ರೆ ಉರಿ ನಿಲ್ಲತ್ತೆ ಕಣೋ, ಉಳಿದಿದ್ದು ಮುಂದಿನ ಸಲಕ್ಕೆ. ದುಡ್ಡು ಸುಮ್ನೆ ಬರತ್ತಾ?’ ಅಂದರು. ಈ ಸಲ ಮಾತ್ರ ಉರಿ ನಿಂತಿರಲಿಲ್ಲ.

ಮೂತ್ರವನ್ನು ಕಲ್ಚರಿಗೆ ಹಾಕಿದೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಯಲು ಬಿಟ್ಟೆ. ಮಾರನೇ ದಿನ ತಟ್ಟೆಯ ತುಂಬ ಗುಲಾಬಿ ಚುಕ್ಕಿಗಳು. ಇ. ಕೋಲಿ. ಕರುಳಿನಲ್ಲಿ ತೆಪ್ಪಗಿರುವ ಬ್ಯಾಕ್ಟೀರಿಯಾ ಇದು, ಮೂತ್ರದ ದಾರಿ ಹತ್ತಿದರೆ ರಂಪ. ಅದನ್ನು ಇನ್ನೊಂದು ತಟ್ಟೆಗೆ ಸವರಿ, ಮೇಲೆ ಔಷಧಿಯ ಬಿಲ್ಲೆಗಳನ್ನಿಟ್ಟೆ. ಒಂದೊಂದೂ ಕುಂಕುಮದ ಬೊಟ್ಟಿನಷ್ಟು. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಒಂದು ಖಾಲಿ ಬಳೆ ಮೂಡುತ್ತದೆ. ಮೂರನೇ ದಿನ ದೊಡ್ಡಮ್ಮನನ್ನೇ ಕರೆದು ತೋರಿಸಿದೆ. ನಾರ್‌ಫ್ಲಾಕ್ಸಾಸಿನ್ ಬಿಲ್ಲೆಗೆ ಬಳೆಯೇ ಇಲ್ಲ, ಬ್ಯಾಕ್ಟೀರಿಯಾ ಅದಕ್ಕೆ ಒತ್ತಿಕೊಂಡೇ ಬೆಳೆದಿತ್ತು. ಕನ್ನಡಕ ಏರಿಸಿಕೊಂಡು, ‘ಅದನ್ನೇ ತಿಂದು ಕೊಬ್ಬಿದ ಹಾಗಿದೆಯಲ್ಲೋ!’ ಅಂದರು.

ತಿಂದಿಲ್ಲ ದೊಡ್ಡಮ್ಮ, ತಡೆದುಕೊಂಡಿದೆ. ಪ್ರತಿ ಸಲ ಮಾತ್ರೆ ನುಂಗಿದಾಗಲೂ ಬಡಪಾಯಿ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿಮುಟ್ಟಾದವು ಉಳಿಯುತ್ತವೆ. ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುವ ಜಾತಿ ಇದು. ಸಾಲದ್ದಕ್ಕೆ, ತಡೆದುಕೊಳ್ಳುವ ವಿದ್ಯೆಯನ್ನು ಅಕ್ಕಪಕ್ಕದ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ.

ಕೊನೆಗೆ ಅಗಲವಾದ ಬಳೆ ಮೂಡಿದ್ದು ನೈಟ್ರೋಫ್ಯುರಂಟಾಯಿನ್ ಅನ್ನುವ ಹಳೇ ಮಾತ್ರೆಗೆ, 1950ರ ದಶಕದ್ದು. ಹೆಸರು ಬರೆದುಕೊಳ್ಳುತ್ತಿದ್ದೀರಿ, ಅಲ್ವಾ? ಪೆನ್ನು ಕೆಳಗಿಡಿ! ಅದು ದೊಡ್ಡಮ್ಮನ ಬ್ಯಾಕ್ಟೀರಿಯಾಕ್ಕೆ ಆಯಿತು. ನಿಮ್ಮದಕ್ಕೆ ಯಾವುದು ಅಂತ ನಿಮ್ಮ ಮೂತ್ರವೇ ಹೇಳಬೇಕು. ಅದಕ್ಕೇ ಮತ್ತೆ ಹೇಳುತ್ತೇನೆ: ಮೊದಲು ಮೂತ್ರ, ಆಮೇಲೆ ಮಾತ್ರೆ. ರಿಪೋರ್ಟ್ ಬರುವ ತನಕ ಉರಿ ತಡೆದುಕೊಂಡು ಕೂರಿ ಅಂತಲ್ಲ. ಸ್ಯಾಂಪಲ್ ಕೊಟ್ಟ ಮೇಲೆ ಡಾಕ್ಟರು ಔಷಧಿ ಶುರು ಮಾಡುತ್ತಾರೆ, ರಿಪೋರ್ಟ್ ನೋಡಿ ಬೇಕಾದರೆ ಬದಲಿಸುತ್ತಾರೆ.

ದೊಡ್ಡಮ್ಮನ ಕತೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಮುಟ್ಟಬೇಡಿ. ಚಳಿಜ್ವರ, ಪಕ್ಕೆನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬಸುರಿಯರು ಉರಿ ಇಲ್ಲದಿದ್ದರೂ ಒಮ್ಮೆ ಕಲ್ಚರ್ ಮಾಡಿಸಿ. ಸ್ಯಾಂಪಲ್ಲಿಗೆ ಲ್ಯಾಬಿನ ಬಾಟಲಿಯೇ ಬೇಕು, ತೊಳೆದ ಉಪ್ಪಿನಕಾಯಿ ಬಾಟಲಿ ಬೇಡ. ಮೊದಲ ಸ್ವಲ್ಪ ಬಿಟ್ಟು, ನಡುವಿನದು ಹಿಡಿಯಿರಿ. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಕವರಿನಲ್ಲಿ ಸುತ್ತಿ, ಮನೆಯವರಿಗೂ ಒಂದು ಮಾತು ಹೇಳಿ ಇಡಿ.